ಗಾಡಿಗೆ ಬಯೋಡೀಸೆಲ್ ಹಾಕಿಸುವ ಮುನ್ನ

ಗುಜರಾತಿನ ಸೌರಾಷ್ಟ್ರದ ಹೆದ್ದಾರಿಗಳಲ್ಲಿ 2020–21ರ ಹೊತ್ತಿಗೆ ಹೊಸ ಬಗೆಯ ಬಂಕುಗಳು ತಲೆಯೆತ್ತಿದವು. ಢಾಬಾದ ಅಂಗಳದಲ್ಲೋ ಗೋದಾಮಿನ ಶೆಡ್ಡಿನಲ್ಲೋ ಒಂದು ಟ್ಯಾಂಕು, ಅದಕ್ಕೊಂದು ಪಂಪು, ಮೇಲೆ ‘ಬಯೋಡೀಸೆಲ್’ ಎಂಬ ಹಲಗೆ. ಡೀಸೆಲ್ಲಿಗಿಂತ ಸಾಕಷ್ಟು ಅಗ್ಗ ಎಂದಮೇಲೆ ಲಾರಿಗಳು ಸಾಲುಗಟ್ಟದೆ ಇರುತ್ತವೆಯೇ? ಪರವಾನಗಿ ಪಡೆದ ಬಂಕ್ ಮಾಲೀಕರು ಗದ್ದಲ ಎಬ್ಬಿಸಿದರು, ಸರ್ಕಾರ ದಾಳಿಗೆ ಆದೇಶಿಸಿತು. ಹಲವು ಕಡೆ ಸಿಕ್ಕಿದ್ದು ಬಯೋಡೀಸೆಲ್ ಆಗಿರಲೇ ಇಲ್ಲ. ಕಾರ್ಖಾನೆ ಬಳಕೆಗೆಂದು ಬಂದರುಗಳ ಮೂಲಕ ತರಿಸಿದ ಅಗ್ಗದ ಪೆಟ್ರೋಲಿಯಂ ತೈಲಗಳಿಗೆ ಹಸಿರು ಹೆಸರು ಅಂಟಿಸಿ ಮಾರಲಾಗುತ್ತಿತ್ತು.

ಬಯೋಡೀಸೆಲ್ ಸುರಕ್ಷಿತವೇ ಎಂದು ಕೇಳುವವರು ಈ ಕಥೆಯನ್ನು ಮೊದಲು ಗಮನದಲ್ಲಿ ಇಟ್ಟುಕೊಳ್ಳಬೇಕು. ಅಸಲಿ ಬಯೋಡೀಸೆಲ್ ಗಾಡಿಯ ಟ್ಯಾಂಕಿಗೆ ಹಾಕಬಹುದಾದ ದ್ರವ ಇಂಧನಗಳಲ್ಲೇ ಅತಿ ಸಾಧು. ಅಪಾಯ ಇರುವುದು ಅದರ ಆಚೀಚೆ: ತಯಾರಿಸುವಾಗ ಬಳಸುವ ರಾಸಾಯನಿಕದಲ್ಲಿ, ಹಳೆಯ ಗಾಡಿಯ ರಬ್ಬರ್ ಪೈಪಿನಲ್ಲಿ, ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತ ಡ್ರಮ್ಮಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹಲಗೆಯ ಮೇಲಿನ ಸುಳ್ಳಿನಲ್ಲಿ.

ನಮ್ಮಲ್ಲಿ ಹೊಂಗೆ ಎಣ್ಣೆಯನ್ನೇ ಬಯೋಡೀಸೆಲ್ ಎಂದು ತಿಳಿದವರು ಬಹಳ. ಅದಕ್ಕೆ ಕಾರಣವೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ‘ಸೂತ್ರ’ ಯೋಜನೆಯಡಿ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ಹೊಲಗಳಿಗೆ ನೀರೆತ್ತಿಸಿದ್ದು ಒಂದು ಕಾಲಕ್ಕೆ ದೊಡ್ಡ ಸುದ್ದಿಯಾಗಿತ್ತು. ಆದರೆ ಅದು ಒಂದೇ ಕಡೆ ನಿಂತು, ಒಂದೇ ವೇಗದಲ್ಲಿ ತಿರುಗುವ ಎಂಜಿನ್. ಗಾಣದಿಂದ ಇಳಿದ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಇಂದಿನ ಕಾರಿನ ಇಂಜೆಕ್ಟರ್‌ನ ಕೂದಲೆಳೆಯಂಥ ರಂಧ್ರದಿಂದ ಅದು ಮಂಜಿನಂತೆ ಸಿಡಿಯುವುದಿಲ್ಲ. ಅರೆಬೆಂದ ಎಣ್ಣೆ ಪಿಸ್ಟನ್ ರಿಂಗಿನ ಸಂದಿಯಲ್ಲಿ ಕರಕಾಗಿ ಕೂರುತ್ತದೆ.

ಆ ಮಂದ ಎಣ್ಣೆಯನ್ನು ತೆಳುವಾಗಿಸುವ ಕೆಲಸವೇ ಬಯೋಡೀಸೆಲ್ ತಯಾರಿಕೆ. ನೂರು ಕಿಲೋ ಎಣ್ಣೆಗೆ ಹತ್ತು ಹನ್ನೊಂದು ಕಿಲೋ ಮೆಥನಾಲ್ ಸೇರಿ, ಕಾಸ್ಟಿಕ್ ಸೋಡಾದಂಥ ಕ್ಷಾರದ ನೆರವಿನಿಂದ ಕ್ರಿಯೆ ನಡೆದರೆ, ಸುಮಾರು ನೂರು ಕಿಲೋ ಬಯೋಡೀಸೆಲ್ ಮೇಲೆ ತೇಲುತ್ತದೆ. ಹತ್ತು ಕಿಲೋದಷ್ಟು ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಬ್ರಸೆಲ್ಸ್ ವಿಶ್ವವಿದ್ಯಾಲಯದ ಶವಾನ್ ಎಂಬ ಸಂಶೋಧಕರಿಗೆ 1937ರಲ್ಲೇ ಈ ಬಗೆಯ ಇಂಧನಕ್ಕೆ ಪೇಟೆಂಟ್ ಸಿಕ್ಕಿತ್ತು. ಮರುವರ್ಷ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ತಾಳೆ ಎಣ್ಣೆಯಿಂದ ಮಾಡಿದ ಇಂಧನದಲ್ಲಿ ಬಸ್ಸೂ ಓಡಿತು. ಆಗಸ್ಟ್ 10ರ ವಿಶ್ವ ಜೈವಿಕ ಇಂಧನ ದಿನದ ಭಾಷಣಗಳಲ್ಲಿ ರುಡಾಲ್ಫ್ ಡೀಸೆಲ್ 1893ರ ಆ ದಿನ ಕಡಲೆಕಾಯಿ ಎಣ್ಣೆಯಲ್ಲಿ ಎಂಜಿನ್ ಓಡಿಸಿದನೆಂದು ಪ್ರತಿವರ್ಷ ಹೇಳಲಾಗುತ್ತದೆ. ಅಂದು ಅವನ ಎಂಜಿನ್ ಸ್ವಂತ ಬಲದಿಂದ ತಿರುಗಿದ್ದು ನಿಜ. ಕಡಲೆಕಾಯಿ ಎಣ್ಣೆಯ ಪ್ರಯೋಗ ಮಾತ್ರ ನಡೆದದ್ದು 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ.

ಕರ್ನಾಟಕದಲ್ಲಿ ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನ ಹೊಂಗೆ, ಬೇವು, ಹಿಪ್ಪೆ, ಸಿಮರೂಬಾಗಳ ಬೀಜದಿಂದ ಇಂಧನದವರೆಗಿನ ಹಾದಿಯನ್ನು ರೈತರಿಗೆ ತೋರಿಸುತ್ತ ಬಂದಿದೆ. ಹೊಂಗೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲದ ಪ್ರಮಾಣ ಹೆಚ್ಚು. ನೇರವಾಗಿ ಕ್ಷಾರ ಹಾಕಿದರೆ ಇಂಧನದ ಬದಲು ಸಾಬೂನು ಕಟ್ಟುತ್ತದೆ. ಹಾಗಾಗಿ ಮೊದಲು ಆಮ್ಲದ ಉಪಚಾರ, ಆಮೇಲೆ ಕ್ಷಾರದ್ದು. ಹತ್ತಾರು ಬಾರಿ ಬೋಂಡ ಕರಿದ ಎಣ್ಣೆಗೂ ಇದೇ ಗತಿ.

ಈಗ ಬೆಂಕಿಯ ವಿಷಯ. ಎಣ್ಣೆಯನ್ನು ಮೆಲ್ಲಗೆ ಬಿಸಿ ಮಾಡುತ್ತ ಅದರ ಮೇಲೆ ಕಿಡಿ ಹಿಡಿದಾಗ, ಏಳುವ ಆವಿ ಮೊದಲ ಬಾರಿಗೆ ಭಗ್ಗೆನ್ನುವ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿಗೆ ಇದು ಸೊನ್ನೆಗಿಂತ ನಲವತ್ತು ಡಿಗ್ರಿಗೂ ಕೆಳಗೆ. ಭಾರತದ ಮಾನದಂಡದಂತೆ ಡೀಸೆಲ್ಲಿಗೆ ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನದ ಬಿಸಿಲೇ ಅದನ್ನು ದಾಟುತ್ತದೆ. ಶುದ್ಧ ಬಯೋಡೀಸೆಲ್ಲಿಗೆ, ಅಂದರೆ ಬಿ100ಕ್ಕೆ, ಐಎಸ್ 15607 ಮಾನದಂಡ ಕೇಳುವುದು ಕನಿಷ್ಠ 101 ಡಿಗ್ರಿ. ನೀರು ಕುದಿಯುವ ಬಿಸಿಯಲ್ಲೂ ಅದರ ಆವಿ ಹೊತ್ತಿಕೊಳ್ಳಬಾರದು ಎಂದರ್ಥ. ಸಾಗಣೆ, ಸಂಗ್ರಹ, ಅಪಘಾತ ಈ ಮೂರರಲ್ಲೂ ಇದು ಸಣ್ಣ ಅನುಕೂಲವಲ್ಲ.

ಆದರೆ ಈ ಭರವಸೆ ಬಿ100ಕ್ಕೆ ಮಾತ್ರ. ಬಂಕಿನಲ್ಲಿ ಬಿ20 ಎಂದು ಸಿಗುವುದರಲ್ಲಿ ಇಪ್ಪತ್ತು ಪಾಲು ಬಯೋಡೀಸೆಲ್, ಎಂಬತ್ತು ಪಾಲು ಮಾಮೂಲಿ ಡೀಸೆಲ್. ಅದರ ಆವಿಯ ಸ್ವಭಾವ ತೀರ್ಮಾನವಾಗುವುದು ಡೀಸೆಲ್ಲಿನಿಂದಲೇ. ಹೆಸರಲ್ಲಿ ‘ಬಯೋ’ ಇದೆಯೆಂದು ಪಕ್ಕದಲ್ಲಿ ಬೀಡಿ ಹಚ್ಚುವಂತಿಲ್ಲ. ಮೊದಲು ಪೆಟ್ರೋಲ್ ತುಂಬಿದ್ದ ಟ್ಯಾಂಕರನ್ನು ಸರಿಯಾಗಿ ತೊಳೆಯದೆ ಬಯೋಡೀಸೆಲ್ ತುಂಬಿದರೂ ಅಷ್ಟೆ. ಅಡಿಯಲ್ಲಿ ಉಳಿದ ಸ್ವಲ್ಪ ಪೆಟ್ರೋಲೇ ಇಡೀ ಟ್ಯಾಂಕಿನ ಫ್ಲ್ಯಾಶ್ ಪಾಯಿಂಟನ್ನು ನೆಲಕ್ಕಿಳಿಸುತ್ತದೆ.

ಇನ್ನೊಂದು ಅಪಾಯವನ್ನು ಗ್ಯಾರೇಜಿನವರೂ ಕಡೆಗಣಿಸುತ್ತಾರೆ. ಬಯೋಡೀಸೆಲ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಎಣ್ಣೆ ವರ್ತಿಸುತ್ತ ಒಳಗೊಳಗೇ ಬಿಸಿಯಾಗುತ್ತದೆ. ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ, ಕಿಡಿಯ ಹಂಗೇ ಇಲ್ಲದೆ ಬಟ್ಟೆ ಹೊತ್ತಿಕೊಳ್ಳಬಹುದು. ಮರಗೆಲಸದವರು ಅಗಸೆ ಎಣ್ಣೆಯ ಬಟ್ಟೆಯ ವಿಷಯದಲ್ಲಿ ಹುಷಾರಾಗಿರುವುದು ಇದೇ ಕಾರಣಕ್ಕೆ. ಅಂಥ ಬಟ್ಟೆಯನ್ನು ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರು ಹಾಕಿ ಇಡಬೇಕು. ಎಣ್ಣೆಗೇ ಬೆಂಕಿ ಹತ್ತಿದರೆ ನೀರು ಎರಚಬಾರದು. ನೊರೆ, ಒಣಪುಡಿ ಅಥವಾ ಇಂಗಾಲದ ಡೈ ಆಕ್ಸೈಡ್ ನಂದಕವೇ ಬೇಕು.

ಇಷ್ಟು ಓದಿ, ಯೂಟ್ಯೂಬ್ ನೋಡಿ, ಮನೆಯ ಹಿತ್ತಿಲಲ್ಲೇ ಒಂದು ಡ್ರಮ್ ಇಟ್ಟು ಬಯೋಡೀಸೆಲ್ ಕಾಯಿಸಿಬಿಡೋಣ ಎನ್ನುವ ಉತ್ಸಾಹಿಗಳಿಗೆ ಒಂದೇ ಉತ್ತರ: ಬೇಡ. ಕಾರಣ ಮೆಥನಾಲ್. ಅದರ ಫ್ಲ್ಯಾಶ್ ಪಾಯಿಂಟ್ ಸುಮಾರು 11 ಡಿಗ್ರಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲೂ ಅದು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಹೊತ್ತಿದರೆ ಅದರ ಜ್ವಾಲೆ ಹಗಲಲ್ಲಿ ಹೆಚ್ಚುಕಡಿಮೆ ಕಣ್ಣಿಗೇ ಕಾಣುವುದಿಲ್ಲ. ಉಸಿರಿನ ಮೂಲಕ, ಚರ್ಮದ ಮೂಲಕ ಮೈಗೆ ಸೇರುತ್ತದೆ. ಹತ್ತು ಮಿಲಿಲೀಟರ್ ಹೊಟ್ಟೆಗೆ ಹೋದರೂ ಕಣ್ಣು ಕಳೆದುಕೊಳ್ಳುವ ಸಾಧ್ಯತೆಯಿದೆ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಇದೇ ಮೆಥನಾಲ್. ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದಾಗ ಹುಟ್ಟುವ ದ್ರಾವಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕ್ರಿಯೆ ಪೂರ್ತಿಯಾಗಲೆಂದು ಬೇಕಾದ್ದಕ್ಕಿಂತ ಹೆಚ್ಚೇ ಮೆಥನಾಲ್ ಹಾಕುವುದರಿಂದ ತಳದ ಗ್ಲಿಸರಿನ್‌ನಲ್ಲೂ ಅದು ಉಳಿದಿರುತ್ತದೆ. ‘ಬರೀ ಗ್ಲಿಸರಿನ್ ತಾನೆ’ ಎಂದು ಆ ಡ್ರಮ್ಮಿನ ಪಕ್ಕ ವೆಲ್ಡಿಂಗ್ ಮಾಡಲು ಹೋದರೆ ಮುಗಿಯಿತು. ಕಾರ್ಖಾನೆಗಳಲ್ಲಿ ಇದಕ್ಕೆಲ್ಲ ಮುಚ್ಚಿದ ಪಾತ್ರೆ, ಕಿಡಿ ಹಾರದ ಮೋಟಾರು, ಮೆಥನಾಲನ್ನು ಮರಳಿ ಹಿಡಿಯುವ ವ್ಯವಸ್ಥೆ ಇರುತ್ತವೆ. ಹಿತ್ತಿಲಲ್ಲಿ ಇರುವುದಿಲ್ಲ.

ಫ್ಲ್ಯಾಶ್ ಪಾಯಿಂಟಿನ ಪರೀಕ್ಷೆಯ ಮಹತ್ವ ಇಲ್ಲಿ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಸಿದ್ಧ ಇಂಧನದಲ್ಲಿ ಮೆಥನಾಲ್ ಶೇ 0.2ನ್ನು ಮೀರಬಾರದು. ಮೀರಿದರೆ ಫ್ಲ್ಯಾಶ್ ಪಾಯಿಂಟ್ ಧಡಕ್ಕನೆ ಕುಸಿಯುತ್ತದೆ. ಪರೀಕ್ಷಾ ವರದಿಯಲ್ಲಿ ಆ ಒಂದು ಅಂಕಿ 101ಕ್ಕಿಂತ ಕೆಳಗಿದ್ದರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ.

ಎಂಜಿನ್ನಿನ ಸುರಕ್ಷತೆ ಬೇರೆಯೇ ಲೆಕ್ಕ. ಬಯೋಡೀಸೆಲ್ ಒಳ್ಳೆಯ ದ್ರಾವಕ. ವರ್ಷಾನುಗಟ್ಟಲೆ ಡೀಸೆಲ್ ಟ್ಯಾಂಕಿನ ತಳದಲ್ಲಿ ಕಟ್ಟಿದ ಗಸಿಯನ್ನು ಅದು ಕರಗಿಸಿ ಎಬ್ಬಿಸುತ್ತದೆ. ಎದ್ದ ಕೊಳೆ ನೇರವಾಗಿ ಫಿಲ್ಟರಿಗೆ ಹೋಗಿ ಕೂರುತ್ತದೆ. ಹೊಸದಾಗಿ ಹಾಕಿಸಿದ ಒಂದೆರಡು ಟ್ಯಾಂಕಿನೊಳಗೆ ಗಾಡಿ ಏರುದಾರಿಯಲ್ಲಿ ಎಳೆಯದಿದ್ದರೆ, ಅನೇಕ ವೇಳೆ ಇಂಧನ ಕೆಟ್ಟದ್ದೆಂದಲ್ಲ, ಫಿಲ್ಟರ್ ಕಟ್ಟಿದೆಯೆಂದು ಅರ್ಥ. ಒಂದು ಹೊಸ ಫಿಲ್ಟರ್ ಗಾಡಿಯಲ್ಲೇ ಇಟ್ಟುಕೊಂಡಿದ್ದರೆ ಚಾರ್ಮಾಡಿ ಘಾಟಿಯ ಮಧ್ಯೆ ಪರದಾಡುವುದು ತಪ್ಪುತ್ತದೆ. ಬಾಡಿಯ ಮೇಲೆ ಚೆಲ್ಲಿದರೆ ಆಗಲೇ ಒರೆಸಬೇಕು, ಬಣ್ಣವನ್ನೂ ಅದು ಬಿಡುವುದಿಲ್ಲ.

ರಬ್ಬರಿನ ಕಥೆ ಇನ್ನೂ ಮುಖ್ಯ. ನೈಸರ್ಗಿಕ ರಬ್ಬರ್ ಮತ್ತು ಹಳೆಯ ನೈಟ್ರೈಲ್ ರಬ್ಬರಿನ ಪೈಪು, ಸೀಲುಗಳು ಬಿ100ರಲ್ಲಿ ನೆಂದು ಉಬ್ಬುತ್ತವೆ, ಮೆತ್ತಗಾಗುತ್ತವೆ, ಕೊನೆಗೆ ಜಿನುಗುತ್ತವೆ. ಬಿಸಿ ಎಂಜಿನ್ನಿನ ಮೇಲೆ ಜಿನುಗುವ ಇಂಧನ ಯಾವುದೇ ಆದರೂ ಬೆಂಕಿಗೆ ಆಹ್ವಾನವೇ. ವೈಟಾನ್‌ನಂಥ ಫ್ಲೋರೋ ರಬ್ಬರಿಗೆ ಈ ತೊಂದರೆಯಿಲ್ಲ. ಹಳೆಯ ಟ್ರ್ಯಾಕ್ಟರ್, ಹಳೆಯ ಜೀಪು, ಇಪ್ಪತ್ತು ವರ್ಷದ ಪಂಪ್‌ಸೆಟ್ ಇರುವವರು ಹೆಚ್ಚಿನ ಪ್ರಮಾಣದ ಮಿಶ್ರಣಕ್ಕೆ ಕೈಹಾಕುವ ಮುನ್ನ ಪೈಪುಗಳನ್ನು ಬದಲಿಸುವುದೇ ಸರಿ. ತಾಮ್ರ, ಹಿತ್ತಾಳೆ, ಸತು, ಸೀಸಗಳೂ ಬಯೋಡೀಸೆಲ್ಲಿಗೆ ಆಗಿಬರುವುದಿಲ್ಲ. ಅವು ಇಂಧನವನ್ನು ಬೇಗ ಹಳಸುವಂತೆ ಮಾಡಿ ಅಂಟು ಕಟ್ಟಿಸುತ್ತವೆ. ಸತುವಿನ ಲೇಪವಿರುವ ಜಿಐ ಡ್ರಮ್ಮನ್ನೂ ಹಿತ್ತಾಳೆಯ ನಲ್ಲಿಯನ್ನೂ ಬಿಟ್ಟು ಉಕ್ಕು, ಅಲ್ಯೂಮಿನಿಯಂ ಬಳಸಬೇಕು.

2020ರ ಏಪ್ರಿಲ್ ನಂತರ ಬಂದ, ಬಿಎಸ್6 ಹೊಗೆ ನಿಯಮ ಪಾಲಿಸುವ ಡೀಸೆಲ್ ಗಾಡಿಗಳಲ್ಲಿ ಸಮಸ್ಯೆಯ ಸ್ವರೂಪವೇ ಬೇರೆ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ತುಂಬಿದ ಮಸಿಯನ್ನು ಸುಡಲು ಅನೇಕ ಎಂಜಿನ್‌ಗಳು ಆಗಾಗ ಸಿಲಿಂಡರಿಗೆ ಹೆಚ್ಚುವರಿ ಇಂಧನ ಚಿಮ್ಮಿಸುತ್ತವೆ. ಡೀಸೆಲ್ ಆವಿಯಾಗಿ ಹೋಗುತ್ತದೆ. ಬಯೋಡೀಸೆಲ್ ಆವಿಯಾಗಲು ಹೆಚ್ಚು ಬಿಸಿ ಬೇಕಾದ್ದರಿಂದ ಒಂದಷ್ಟು ಪಾಲು ಸಿಲಿಂಡರ್ ಗೋಡೆಯಲ್ಲಿ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ, ಆಯಿಲು ತೆಳುವಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದು ಖುಷಿಪಡುವ ವಿಷಯವಲ್ಲ.

ಹಾಗಾದರೆ ಎಷ್ಟು ಹಾಕಬಹುದು? ಭಾರತದ ಡೀಸೆಲ್ ಮಾನದಂಡವೇ, ಅಂದರೆ ಐಎಸ್ 1460, ಶೇ 7ರವರೆಗೆ ಬಯೋಡೀಸೆಲ್ ಬೆರಕೆಗೆ ಒಪ್ಪಿಗೆ ಕೊಟ್ಟಿದೆ. ಯುರೋಪಿನಲ್ಲೂ ಅಷ್ಟೇ. ಈ ಪ್ರಮಾಣಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಂಧಕ ತೆಗೆದ ಇಂದಿನ ಡೀಸೆಲ್ಲಿಗೆ ಒಂದೆರಡು ಪಾಲು ಬಯೋಡೀಸೆಲ್ ಸೇರಿದರೆ ಪಂಪಿನ ಸವೆತ ಕಡಿಮೆಯೇ ಆಗುತ್ತದೆ. ಬಿ20ರವರೆಗಿನ ಮಿಶ್ರಣಕ್ಕೆ ಪ್ರತ್ಯೇಕ ಮಾನದಂಡವಿದೆ. ಆದರೆ ಅದನ್ನು ಹಾಕಿಸುವ ಮುನ್ನ ಗಾಡಿಯ ಕೈಪಿಡಿಯಲ್ಲಿ ‘ಬಿ’ ಅಕ್ಷರದ ಪಕ್ಕ ಯಾವ ಅಂಕಿ ಇದೆಯೆಂದು ನೋಡಬೇಕು. ಬಿ7 ಎಂದಿದ್ದರೆ ಬಿ20 ಹಾಕಿ ಕೆಟ್ಟ ಇಂಜೆಕ್ಟರಿಗೆ ವಾರಂಟಿ ಕೇಳುವಂತಿಲ್ಲ. ಬಿ100ರ ಮಾತು ಹೊಸ ಕಾರಿನವರಿಗೆ ಬೇಡವೇ ಬೇಡ.

ದೊಡ್ಡ ಪ್ರಮಾಣದಲ್ಲಿ ಇದು ನಡೆಯುತ್ತದೆಯೇ ಎಂಬ ಅನುಮಾನವಿದ್ದರೆ ಇಂಡೊನೇಷ್ಯಾ ಕಡೆ ನೋಡಬಹುದು. 2020ರಲ್ಲಿ ಶೇ 30, 2023ರಲ್ಲಿ ಶೇ 35, 2025ರಲ್ಲಿ ಶೇ 40 ಹೀಗೆ ಅಲ್ಲಿ ತಾಳೆ ಎಣ್ಣೆಯ ಬಯೋಡೀಸೆಲ್ಲಿನ ಬೆರಕೆ ಏರುತ್ತಲೇ ಇದೆ. ಅದಕ್ಕಾಗಿ ಎಷ್ಟು ಕಾಡು ಹೋಯಿತೆಂಬ ವಾದ ಇನ್ನೂ ಮುಗಿದಿಲ್ಲ. ಭಾರತದಲ್ಲಿ 2003ರ ಹೊತ್ತಿಗೆ ಜತ್ರೋಫಾ ಗಿಡದ ಮೇಲೆ ಇಟ್ಟ ಕನಸು ಬಂಜರು ನೆಲದಲ್ಲೇ ಒಣಗಿತು. 2030ಕ್ಕೆ ಶೇ 5 ಎಂಬ ಗುರಿಯ ಎದುರು ಇಂದಿಗೂ ಬೆರಕೆ ಶೇ 1ನ್ನು ಮುಟ್ಟಿಲ್ಲ.

ಗುಣಮಟ್ಟ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿನೆಸೋಟ ರಾಜ್ಯದ ಪ್ರಸಂಗ ಪಾಠದಂತಿದೆ. 2005ರ ಸೆಪ್ಟೆಂಬರ್ 29ರಿಂದ ಅಲ್ಲಿ ಮಾರುವ ಎಲ್ಲ ಡೀಸೆಲ್ಲಿನಲ್ಲಿ ಶೇ 2 ಬಯೋಡೀಸೆಲ್ ಇರಲೇಬೇಕೆಂಬ ಕಾನೂನು ಜಾರಿಗೆ ಬಂತು. ಕೆಲವೇ ವಾರಗಳಲ್ಲಿ ಲಾರಿಗಳ ಫಿಲ್ಟರ್ ಕಟ್ಟತೊಡಗಿದವು, ಡಿಸೆಂಬರಿನಲ್ಲಿ ಕಾನೂನನ್ನೇ ತಾತ್ಕಾಲಿಕವಾಗಿ ತಡೆಹಿಡಿಯಬೇಕಾಯಿತು. ತಯಾರಿಕೆಯಲ್ಲಿ ಸರಿಯಾಗಿ ಬೇರ್ಪಡದ ಗ್ಲಿಸರಿನ್ ಅಂಶ ಇಂಧನದಲ್ಲೇ ಉಳಿದು ಮಾನದಂಡ ಮೀರಿತ್ತು. ಬರೀ ಶೇ 2ರ ಬೆರಕೆ! ಅದೇ ರಾಜ್ಯ ಗುಣಮಟ್ಟ ಬಿಗಿ ಮಾಡಿಕೊಂಡು, 2018ರಿಂದ ಬೇಸಿಗೆಯ ತಿಂಗಳುಗಳಲ್ಲಿ ಬಿ20 ಮಾರುತ್ತಿದೆ. ಚಳಿಗಾಲದಲ್ಲಿ ಮಾತ್ರ ಬಿ5ಕ್ಕೆ ಇಳಿಯುತ್ತದೆ; ಹೆಪ್ಪುಗಟ್ಟುವ ಭಯ. ತಾಳೆ ಎಣ್ಣೆಯ ಬಯೋಡೀಸೆಲ್ 15 ಡಿಗ್ರಿಯ ಆಸುಪಾಸಿನಲ್ಲೇ ಮಬ್ಬಾಗತೊಡಗುತ್ತದೆ, ಆದ್ದರಿಂದ ಬಿ100 ಡ್ರಮ್ ಇಟ್ಟುಕೊಂಡವರಿಗೆ ಬೀದರಿನ ಜನವರಿ ರಾತ್ರಿಯೂ ಲೆಕ್ಕಕ್ಕೆ ಬರುತ್ತದೆ.

ಬಂಕಿನ ಮುಂದೆ ನಿಂತ ಗ್ರಾಹಕ ಅಸಲಿಯನ್ನು ಗುರುತಿಸುವುದು ಹೇಗೆ? ಬಯೋಡೀಸೆಲ್ ಚಿಲ್ಲರೆ ಮಾರಾಟಕ್ಕೆ ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2019ರ ಏಪ್ರಿಲ್ 30ರಂದು ಮಾರ್ಗಸೂಚಿ ಹೊರಡಿಸಿದೆ. ನೋಂದಣಿಯಿಲ್ಲದೆ ಮಾರುವಂತಿಲ್ಲ. ನೋಂದಣಿ ಪತ್ರ, ಪಂಪಿನ ಮೇಲೆ ಮಾಪನ ಇಲಾಖೆಯ ಮುದ್ರೆ, ಈ ಲೋಡಿನ ಪರೀಕ್ಷಾ ವರದಿ — ಇವನ್ನು ಕೇಳಿದಾಗ ಮಾಲೀಕ ಮುಖ ಸಿಂಡರಿಸಿದರೆ ಗಾಡಿ ಮುಂದಕ್ಕೆ ಹೊರಡಲಿ. ಬಿಲ್ಲಿನಲ್ಲಿ ‘ಬಯೋಡೀಸೆಲ್’ ಎಂದು ಬರೆಯದೆ ‘ಆಯಿಲ್’ ಎಂದಷ್ಟೇ ಗೀಚಿ ಕೊಡುವವರ ಹತ್ತಿರವೂ ನಿಲ್ಲಬೇಕಿಲ್ಲ.

ಸಾಂದ್ರತೆ ಇನ್ನೊಂದು ಸುಳಿವು. 15 ಡಿಗ್ರಿಯಲ್ಲಿ ಬಿ100ರ ಸಾಂದ್ರತೆ ಘನ ಮೀಟರಿಗೆ 860ರಿಂದ 900 ಕಿಲೋ ಇರಬೇಕು. ಬಿಎಸ್6 ಡೀಸೆಲ್ಲಿನದು 845 ದಾಟಬಾರದು. ಹೈಡ್ರೋಮೀಟರ್ ಮುಳುಗಿಸಿ ನೋಡಿ, ಅಂದಿನ ಉಷ್ಣಾಂಶಕ್ಕೆ ತಕ್ಕ ತಿದ್ದುಪಡಿ ಮಾಡಿದ ಮೇಲೂ ‘ಶುದ್ಧ ಬಯೋಡೀಸೆಲ್’ 830 ತೋರಿಸಿದರೆ ಅದರಲ್ಲಿ ಬೇರೇನೋ ಇದೆ. ಗಾಜಿನ ಬಾಟಲಿಯಲ್ಲಿ ಅಷ್ಟೇ ನೀರಿನೊಂದಿಗೆ ಅಲ್ಲಾಡಿಸಿ ಇಟ್ಟರೆ ಒಳ್ಳೆಯ ಬಯೋಡೀಸೆಲ್ ಸ್ವಲ್ಪ ಹೊತ್ತಿನಲ್ಲೇ ಬೇರೆಯಾಗಿ ನಿಲ್ಲುತ್ತದೆ. ಮಜ್ಜಿಗೆಯಂತೆ ಬೆಳ್ಳಗೆ ಕಲೆತು ಕೂತರೆ ಸಾಬೂನು, ಅರೆಬರೆ ಕ್ರಿಯೆಗೊಂಡ ಎಣ್ಣೆ ಉಳಿದಿದೆ ಎಂದು ತಿಳಿಯಬೇಕು. ಮೂಗಿಗೆ ಸೀಮೆಎಣ್ಣೆಯೋ ಥಿನ್ನರೋ ಬಡಿದರೆ ಪರೀಕ್ಷೆಯೇ ಬೇಕಿಲ್ಲ. ಕಲಬೆರಕೆಯ ದ್ರಾವಕಗಳ ಫ್ಲ್ಯಾಶ್ ಪಾಯಿಂಟ್ ಎಷ್ಟೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಅಂಥದ್ದನ್ನು ಸಾವಿರಾರು ಲೀಟರ್ ಢಾಬಾದ ಪಕ್ಕ ಇಟ್ಟುಕೊಂಡು, ಹತ್ತು ಹೆಜ್ಜೆ ಆಚೆ ತಂದೂರಿ ಒಲೆ ಉರಿಸುವ ಧೈರ್ಯ ಬೆರಗು ಹುಟ್ಟಿಸುವಂಥದ್ದು.

ಮೈಲೇಜ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಿ100ರಲ್ಲಿ ಲೀಟರಿಗೆ ಶಕ್ತಿ ಶೇ 7ರಿಂದ 8ರಷ್ಟು ಕಡಿಮೆ, ಬಿ20ರಲ್ಲಿ ಶೇ 1ರಿಂದ 2. ಲೀಟರಿನ ಬೆಲೆ ಹೋಲಿಸುವಾಗ ಇದನ್ನು ಕಳೆಯಬೇಕು. ಹೊಗೆಯ ಮಟ್ಟಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಆಗಿನ ಎಂಜಿನ್‌ಗಳ ಪರೀಕ್ಷೆಗಳನ್ನು ಒಟ್ಟು ಹಾಕಿ ನೋಡಿದಾಗ ಬಿ20ರಿಂದ ಕಣಗಳು ಶೇ 10, ಕಾರ್ಬನ್ ಮಾನಾಕ್ಸೈಡ್ ಶೇ 11ರಷ್ಟು ತಗ್ಗಿದ್ದವು, ಸಾರಜನಕದ ಆಕ್ಸೈಡ್‌ಗಳು ಶೇ 2ರಷ್ಟು ಏರಿದ್ದವು. ಕೊಳವೆಯಿಂದ ಕರಿದ ತಿಂಡಿಯ ವಾಸನೆ ಬರುತ್ತದೆ ಎಂಬುದು ಉಪ್ಪುಖಾರ ಹಚ್ಚಿದ ಮಾತಲ್ಲ. ಕರಿದ ಎಣ್ಣೆಯಿಂದ ಮಾಡಿದ್ದಾದರೆ ಒಂದಿಷ್ಟು ಬರುತ್ತದೆ.

ಕರಿದ ಎಣ್ಣೆಯೇ ಈಗ ಭಾರತದ ಬಯೋಡೀಸೆಲ್ಲಿನ ಮುಖ್ಯ ಭರವಸೆಗಳಲ್ಲಿ ಒಂದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಕರಿದ ಎಣ್ಣೆಯನ್ನು ಬಯೋಡೀಸೆಲ್ಲಿಗೆ ತಿರುಗಿಸುವ ‘ರುಕೋ’ ಎಂಬ ಯೋಜನೆ ಶುರುಮಾಡಿತು. ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ದಾಟಿದರೆ ಅದರಲ್ಲಿ ಮತ್ತೆ ಕರಿಯುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಹೋಟೆಲು, ಚಿಪ್ಸ್ ಅಂಗಡಿ, ಕೇಟರಿಂಗಿನವರು ಹಳೆಯ ಎಣ್ಣೆ ಎಲ್ಲಿಗೆ ಹೋಯಿತೆಂಬ ಲೆಕ್ಕ ಇಡಬೇಕು. ಈ ಲೆಕ್ಕ ಬಿಗಿಯಾಗಿದ್ದರೆ, ದೊಡ್ಡ ಹೋಟೆಲಿನ ಕಪ್ಪಾದ ಎಣ್ಣೆ ಸಂಜೆಯ ಗಾಡಿ ಅಂಗಡಿಯ ಬಾಣಲೆಗೆ ಇಳಿಯುವ ಬದಲು ಲಾರಿಯ ಟ್ಯಾಂಕಿಗೆ ಹೋಗುತ್ತದೆ. ಎಣ್ಣೆ ಕೊಡುವವರು ಅನುಮತಿ ಪಡೆದ ಸಂಗ್ರಾಹಕರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಬೇಕು, ಕೊಡುವ ಮುನ್ನ ನೀರು ಸೇರದಂತೆ ಸೋಸಬೇಕು.

ಕೊನೆಯದಾಗಿ ಸಂಗ್ರಹ. ಟ್ರ್ಯಾಕ್ಟರು ಕೆಲಸವಿಲ್ಲದಾಗ ತಿಂಗಳುಗಟ್ಟಲೆ ನಿಲ್ಲುತ್ತದೆ, ಅಪಾರ್ಟ್‌ಮೆಂಟಿನ ಜನರೇಟರ್ ಕರೆಂಟು ಹೋದರಷ್ಟೇ ಎಚ್ಚರಾಗುತ್ತದೆ. ಬಯೋಡೀಸೆಲ್ ಡೀಸೆಲ್ಲಿಗಿಂತ ಹೆಚ್ಚು ತೇವ ಹೀರುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿ ಇಬ್ಬನಿ ಕಟ್ಟಿ ತಳಕ್ಕಿಳಿದರೆ ಅಲ್ಲಿ ಸೂಕ್ಷ್ಮಜೀವಿಗಳು ಲೋಳೆಯಂತೆ ಬೆಳೆಯುತ್ತವೆ. ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿ, ಮತ್ತೆ ಹೊರಡಿಸುವ ಮುನ್ನ ವಾಟರ್ ಸೆಪರೇಟರಿನ ತಿರುಪು ಬಿಚ್ಚಿ ನೀರು ಇಳಿಸಬೇಕು. ಬೆಳಕು, ಬಿಸಿಲು ಬೀಳದ ಕಡೆ ಇಟ್ಟರೂ ಆರು ತಿಂಗಳು ದಾಟಿದ ಬಯೋಡೀಸೆಲನ್ನು ಪರೀಕ್ಷಿಸದೆ ಬಳಸಬಾರದು. ಹಳಸಿದ ಇಂಧನ ಹುಳಿವಾಸನೆ ಹೊಡೆಯುತ್ತದೆ, ಆಮ್ಲವಾಗುತ್ತದೆ, ಇಂಜೆಕ್ಟರಿನಲ್ಲಿ ಅಂಟು ಕಟ್ಟುತ್ತದೆ. ತಿಂಗಳಿಗೆ ಅರ್ಧ ಗಂಟೆ ಓಡುವ ಜನರೇಟರಿಗೆ ಬಿ20 ತುಂಬಿಸುವುದಕ್ಕಿಂತ ದಿನಾ ಓಡುವ ಸ್ಕೂಲ್ ಬಸ್ಸಿಗೆ ತುಂಬಿಸುವುದು ಜಾಣತನ. ಜನರೇಟರಿಗೇ ಬೇಕೆಂದರೆ ತುಂಬಿಸಿದ ದಿನಾಂಕವನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆದು, ಆರು ತಿಂಗಳೊಳಗೆ ಖಾಲಿಯಾಗುವಷ್ಟನ್ನೇ ತರಿಸಬೇಕು.